ಹತ್ತು ಮಿಲಿಮೀಟರಿನ ಸಾಲು

ಗೋಡೆಯಲ್ಲಿ ಬಿದ್ದ ಗುಂಡಿಯ ನೇರಕ್ಕೂ ಆ ದಿನ ನಾನು ನಿಂತಿದ್ದ ಜಾಗಕ್ಕೂ ಎರಡು ಹೆಜ್ಜೆ. ಆಮೇಲೆ ಹೋಗಿ ಅಳೆದಿದ್ದೇನೆ. ಆ ವರ್ಕ್‌ಶಾಪಿಗೆ ಹೋದಾಗಲೆಲ್ಲ ಅಳೆಯುತ್ತೇನೆ. ಗುಂಡಿಗೆ ಸಿಮೆಂಟ್ ತುಂಬಿ ಬಣ್ಣ ಬಳಿದಿದ್ದಾರೆ. ಹೊಸಬರಿಗೆ ಅಲ್ಲಿ ಏನೂ ಕಾಣುವುದಿಲ್ಲ. ನನಗೆ ಮಾತ್ರ ಅದು ನನ್ನ ಹೊಟ್ಟೆಯ ಎತ್ತರದಲ್ಲಿ, ಮೊದಲಿನಷ್ಟೇ ಆಳವಾಗಿ ಕಾಣುತ್ತದೆ.

ಹೈದರಾಬಾದಿಗೆ ಬಂದು ಒಂಬತ್ತು ವರ್ಷವಾಯಿತು. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಕೇಂದ್ರ ಸರ್ಕಾರದ ಒಂದು ಉದ್ಯಮಕ್ಕೆ ಸೇರಿದಾಗ ಯಂತ್ರಗಳ ನಡುವೆ ಓಡಾಡುತ್ತೇನೆ ಎಂದುಕೊಂಡಿದ್ದೆ. ಸಿಕ್ಕಿದ್ದು ಮೇಜು. ಭಾರ ಎತ್ತುವ ಸರಪಳಿ, ಉಕ್ಕಿನ ಹಗ್ಗ, ಕೊಕ್ಕೆ ಇವುಗಳನ್ನು ವರ್ಷಕ್ಕೊಮ್ಮೆ ಹೇಗೆ ಪರೀಕ್ಷಿಸಬೇಕು, ಯಾವ ದಪ್ಪಕ್ಕೆ ಎಷ್ಟು ಟನ್ ಎಳೆಯಬೇಕು ಎಂದು ಹೇಳುವ ಮಾನಕಗಳನ್ನು ಪ್ರಕಟಿಸುವ ವಿಭಾಗ ನಮ್ಮದು. ಅಂಕಿಗಳನ್ನು ನಿಗದಿ ಮಾಡುವವರು ಬೇರೆ, ದೊಡ್ಡವರು. ಅವರು ಒಪ್ಪಿದ ಅಂಕಿಗಳನ್ನು ಪುಟಕ್ಕೆ ಇಳಿಸಿ, ನಮ್ಮ ಎಲ್ಲ ವರ್ಕ್‌ಶಾಪುಗಳಿಗೆ ತಲುಪಿಸುವುದು ನನ್ನ ಕೆಲಸ. ಇದರಲ್ಲಿ ಅಪಾಯ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ನಾನು ಸೇರಿದಾಗ ಮಾನಕಗಳು ಫೋಟೋ ಹಾಳೆಗಳಾಗಿ ಹೋಗುತ್ತಿದ್ದವು. ಸಹಿಯಾದ ಕಾಗದವನ್ನು ಸ್ಕ್ಯಾನ್ ಮಾಡಿ, ಆ ಚಿತ್ರವನ್ನೇ ಪಿಡಿಎಫ್ ಮಾಡಿ ಕಳಿಸುವುದು. ಅದರಲ್ಲಿ ಪದ ಹುಡುಕಲು ಬರುತ್ತಿರಲಿಲ್ಲ. ಪ್ರಿಂಟ್ ತೆಗೆದರೆ ಮೂರು ಎಂಟಿನಂತೆ ಕಾಣುತ್ತಿತ್ತು. ವರ್ಕ್‌ಶಾಪಿನವರು ಕೋಷ್ಟಕವನ್ನು ನೋಡಿ ನೋಡಿ ತಮ್ಮ ಪ್ರಮಾಣಪತ್ರಕ್ಕೆ ಕೈಯಲ್ಲಿ ಬರೆದುಕೊಳ್ಳುತ್ತಿದ್ದರು. ಸರಪಳಿಯ ಮಾನಕದ ಹೊಸ ಆವೃತ್ತಿ ಬಂದಾಗ ನಾನು ಸಭೆಯಲ್ಲಿ ಎದ್ದು, ಇದನ್ನು ತಿದ್ದಲು, ನಕಲು ಮಾಡಲು ಬರುವ ಫೈಲಾಗಿಯೇ ಕೊಡೋಣ ಎಂದೆ.

ನಮ್ಮ ವಿಭಾಗದ ಮುಖ್ಯಸ್ಥರು ವರಂಗಲ್ ಕಡೆಯವರು, ನಿವೃತ್ತಿಗೆ ಹತ್ತಿರವಿದ್ದವರು. ನನ್ನ ಜೊತೆ ತೆಲುಗು ಬೆರೆತ ಹಿಂದಿಯಲ್ಲಿ ಮಾತಾಡುತ್ತಿದ್ದರು.

"ಅಮ್ಮಾ, ಮಾನಕ ಅಂದರೆ ಕಲ್ಲಿನಲ್ಲಿ ಕೆತ್ತಿದ ಹಾಗಿರಬೇಕು. ಓದುವವನ ಕೈ ಅದನ್ನು ಅಲ್ಲಾಡಿಸಬಾರದು," ಎಂದರು.

"ಸಾರ್, ಕಲ್ಲನ್ನು ಯಾರೂ ಯಂತ್ರದ ಹತ್ತಿರ ಹೊತ್ತುಕೊಂಡು ಹೋಗುವುದಿಲ್ಲ," ಎಂದೆ.

ಎಲ್ಲರೂ ನಕ್ಕರು. ಅವರೂ ನಕ್ಕು, "ಸರೇ, ಚೂದ್ದಾಂ," ನೋಡೋಣ ಎಂದು ಸಹಿ ಹಾಕಿದರು. ಆ ನಗು ಎಷ್ಟು ಇಷ್ಟವಾಗಿತ್ತೆಂದರೆ ಮನೆಗೆ ಹೋಗುವ ಬಸ್ಸಿನಲ್ಲಿ ಮೆಹದಿಪಟ್ಟಣಂ ಬರುವವರೆಗೂ ಅದನ್ನೇ ನೆನೆಯುತ್ತಿದ್ದೆ. ಫೈಲನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಪಕ್ಕದ ಮೇಜಿನ ಕಂಪ್ಯೂಟರಿನಲ್ಲೂ ತೆರೆದು ನೋಡಿದೆ. ಎರಡರಲ್ಲೂ ಚೆನ್ನಾಗಿತ್ತು. ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿ ತೆರೆದು ನೋಡಲಿಲ್ಲ.

ಶಂಶಾಬಾದ್ ದಾಟಿದ ಮೇಲೆ ಇರುವ ನಮ್ಮ ವರ್ಕ್‌ಶಾಪಿನಲ್ಲಿ ಸರಪಳಿ ಎಳೆದು ನೋಡುವ ಯಂತ್ರವಿದೆ. ಉದ್ದನೆಯ ಉಕ್ಕಿನ ಮಂಚದಂಥದ್ದು. ಸರಪಳಿಯ ಒಂದು ತುದಿಯನ್ನು ಈ ಕಡೆ ಸಿಕ್ಕಿಸಿ ಇನ್ನೊಂದನ್ನು ಎಣ್ಣೆಯ ಒತ್ತಡದಿಂದ ಎಳೆಯುತ್ತಾರೆ. ಎಷ್ಟು ಟನ್ ಆಯಿತೆಂದು ದುಂಡನೆಯ ಮಾಪಕದ ಮುಳ್ಳು ತೋರಿಸುತ್ತದೆ. ಅದನ್ನು ನಡೆಸುವವರು ರಾಯಚೂರು ಕಡೆಯವರು. ಕಾರ್ಖಾನೆಯ ಕನ್ನಡದವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಅವರ ಮಗಳ ವಯಸ್ಸಿನವಳಾದರೂ ಅವರಿಗೆ ಮೊದಲ ದಿನದಿಂದ ಅಕ್ಕಾರು.

"ಅಕ್ಕಾರ, ನಿಮ್ಮ ಮೈಸೂರು ಮಾತು ಕೇಳಿದ್ರ ಹಾಲು ಕುಡದಂಗ ಆಕ್ಕೈತಿ. ಏನ್ ಹೇಳಿದ್ರಿ ಅನ್ನೂದು ಮಾತ್ರ ತಿಳಿಯಂಗಿಲ್ಲ," ಎನ್ನುತ್ತಿದ್ದರು.

ಆ ಯಂತ್ರ ನಡೆಸಲು ಕಾಕಾನ ಹೆಸರಿನಲ್ಲಿ ಒಂದು ಅನುಮತಿ ಕಾರ್ಡು ಇತ್ತು. ಅಂಗೈಯಗಲದ ಹಳದಿ ಕಾರ್ಡು. ಇಡೀ ವರ್ಕ್‌ಶಾಪಿನಲ್ಲಿ ಅಂಥದ್ದು ಅವರೊಬ್ಬರ ಬಳಿ ಇತ್ತು. ಶರ್ಟಿನ ಜೇಬಿನಲ್ಲಿ, ಕನ್ನಡಕದ ಹಿಂದೆ ಇಟ್ಟುಕೊಳ್ಳುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆ ಕಾರ್ಡಿನ ಮೇಲೆ ಒಂದೂ ಕೆಂಪು ಶರಾ ಇಲ್ಲದೆ ಹೋಗಬೇಕು ಎನ್ನುವುದು ಅವರ ಒಂದೇ ಆಸೆ. ಚಹಾ ಕುಡಿಯುವಾಗ ಅದನ್ನು ತೆಗೆದು ತೋರಿಸಿದ್ದರು. "ನೋಡ್ರಿ, ಮದುವಿ ಪತ್ರ ಇದ್ದಂಗ ಐತಿ, ಒಂದು ಕಲಿ ಇಲ್ಲ."

ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಮಾನಕ ಎಷ್ಟೇ ಪುಟವಿರಲಿ, ಬೇಕಾದ ಪುಟ ಒಂದನ್ನೇ ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಹೊದಿಸಿ, ಮೂಲೆಗೆ ತೂತು ಮಾಡಿ ಯಂತ್ರಕ್ಕೆ ತಂತಿಯಲ್ಲಿ ಕಟ್ಟುವುದು. ಎಣ್ಣೆ ಕೈಯಲ್ಲಿ ಮುಟ್ಟಿದರೂ ಒರೆಸಿದರೆ ಹೋಗುತ್ತದೆ. ಮೊದಲು ಕಾಕಾ ಆ ಹಾಳೆಯನ್ನೂ ನೋಡುತ್ತಿರಲಿಲ್ಲ. ಅಂಕಿಗಳೆಲ್ಲ ಬಾಯಲ್ಲೇ ಇದ್ದವು. ಹೊಸ ಆವೃತ್ತಿ ಬಂದಾಗ ನಾನೇ ಹೋಗಿ ತರಬೇತಿ ಕೊಟ್ಟೆ. ಇನ್ನು ಮುಂದೆ ಬರುವ ಸರಪಳಿ ಬೇರೆ ದರ್ಜೆಯ ಉಕ್ಕು, ಹಳೆಯದಕ್ಕಿಂತ ಗಟ್ಟಿ, ಹಾಗಾಗಿ ಎಲ್ಲ ಅಂಕಿಗಳೂ ಏರಿವೆ ಎಂದು ವಿವರಿಸಿದೆ. "ನಿಮ್ಮ ನೆನಪನ್ನು ನಂಬಬೇಡಿ, ಹಾಳೆಯನ್ನು ನಂಬಿ," ಎಂದು ಎರಡು ಸಲ ಹೇಳಿದೆ. ಕಾಕಾ ಮುಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿದ್ದರು.

ಎರಡು ತಿಂಗಳ ನಂತರ, ಫೈಲು ಹೇಗೆ ಬಳಕೆಯಾಗುತ್ತಿದೆ ಎಂದು ನೋಡಲು ಮತ್ತೆ ಹೋದೆ. ನಿಜ ಹೇಳಬೇಕೆಂದರೆ ಫೋಟೋ ತೆಗೆಯಲು ಹೋದೆ. ನಾನು ಆರಿಸಿದ ರೂಪದಿಂದ ಎಷ್ಟು ಅನುಕೂಲವಾಗಿದೆ ಎಂದು ಮುಂದಿನ ಸಭೆಯಲ್ಲಿ ತೋರಿಸುವುದಿತ್ತು. ಬೆಳಗಿನ ಹನ್ನೊಂದರ ಹೊತ್ತು. ಹಾಳೆ ಯಂತ್ರಕ್ಕೆ ನೇತಾಡುತ್ತಿತ್ತು. ನನ್ನ ಕೋಷ್ಟಕ, ನನ್ನ ಗೆರೆಗಳು. ಹತ್ತಿರದಿಂದ ಅದರ ಚಿತ್ರ ತೆಗೆದುಕೊಂಡೆ. ಒಂದು ಅಂಕಿಯನ್ನೂ ಓದಲಿಲ್ಲ.

ಆ ದಿನ ಎಳೆಯಬೇಕಾಗಿದ್ದದ್ದು ಹತ್ತು ಮಿಲಿಮೀಟರ್ ಸರಪಳಿ. ಹೊಸ ದರ್ಜೆಯ ಸರಪಳಿ ಪರೀಕ್ಷೆಗೆ ಅಲ್ಲಿಗೆ ಬಂದಿದ್ದು ಅದೇ ಮೊದಲು. ಕಾಕಾ ಅದನ್ನು ಸಿಕ್ಕಿಸಿ, ಕನ್ನಡಕ ಹಾಕಿ ಹಾಳೆ ನೋಡಿದರು. ಮತ್ತೊಮ್ಮೆ ನೋಡಿದರು.

"ಅಕ್ಕಾರ, ಇಲ್ಲೊಂದೀಟು ನೋಡ್ರಿ. ಹತ್ತು ಎಂಎಂಗೆ ಮೊದಲ ನಾವು ಆರು ಟನ್ ಎಳೀತಿದ್ವಿ. ಇದ್ರಾಗ ಹದಿಮೂರು ಅಂತೈತಿ. ಭಾಳ ಆತಲ್ಲರಿ?"

ನಾನು ಫೋನಿನಲ್ಲಿ ಚಿತ್ರ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದೆ. ತಲೆ ಎತ್ತದೆಯೇ ಹೇಳಿದೆ: "ಅವತ್ತು ಹೇಳಿದ್ನಲ್ಲ ಕಾಕಾ, ಹೊಸ ಸರಪಳಿ ಗಟ್ಟಿ. ಎಲ್ಲ ಜಾಸ್ತಿ ಆಗಿದೆ. ಹಾಳೆಯಲ್ಲಿ ಇರೋಷ್ಟು ಎಳೀರಿ."

"ನಿಮ್ಮ ಹಾಳಿ, ನಿಮ್ಮ ಮಾತು," ಎಂದು ಅವರು ಪಂಪಿನ ಹತ್ತಿರ ಹೋದರು.

ಯಂತ್ರ, ಹಾಳೆ, ಮಾಪಕ ಮೂರೂ ಒಂದೇ ಚಿತ್ರದಲ್ಲಿ ಬರಬೇಕೆಂದು ನಾನು ಮಂಚದ ತುದಿಗೆ ಹೋಗಿ, ಕಂಬಿಯ ಜಾಳಿಗೆಯ ಹಿಂದೆ, ಸರಪಳಿಗೆ ನೇರವಾಗಿ ನಿಂತೆ. ಮುಳ್ಳು ಅದಾಗಲೇ ಏರುತ್ತಿತ್ತು. ಕಾಕಾ ಪಂಪು ನಿಲ್ಲಿಸಿದರು.

"ಏನ್ರಿ ಅಕ್ಕಾರ, ಪರೀಕ್ಷಾ ನೋಡಾಕ ಬಂದೀರೋ, ಫೋಟೋ ಹೊಡ್ಯಾಕ ಬಂದೀರೋ? ಸರಪಳಿ ಎದುರಿಗೆ ನಿಲ್ಲಬ್ಯಾಡ್ರಿ. ಈ ಕಡಿ ಬರ್ರಿ."

"ಒಂದೇ ನಿಮಿಷ ಕಾಕಾ, ಜಾಳಿಗೆ ಇದೆಯಲ್ಲ."

"ಜಾಳಿಗಿ ಐತಿ ಅಂತ ನನಗೂ ಗೊತ್ತೈತಿ. ನೀವು ಬರೂತನಾ ನಾ ಎಳ್ಯಂಗಿಲ್ಲ."

ಬೇಸರದಿಂದಲೇ ಎರಡು ಹೆಜ್ಜೆ ಪಕ್ಕಕ್ಕೆ ಬಂದು ಕಂಬದ ಮರೆಗೆ ನಿಂತೆ. ಚಿತ್ರ ಹಾಳಾಯಿತಲ್ಲ ಎಂದು ಮನಸ್ಸಿನಲ್ಲಿ ಗೊಣಗಿದೆ. ಪಂಪಿನ ಸದ್ದು ಮತ್ತೆ ಶುರುವಾಯಿತು. ಹೊರಗೆ ವಿಮಾನವೊಂದು ಇಳಿಯುತ್ತಿತ್ತು, ಅದರ ಸದ್ದೂ ಇತ್ತು. ಆಮೇಲಿನದು ಸದ್ದಾಗಿ ನೆನಪಿಲ್ಲ. ಯಾರೋ ಎದೆಗೆ ಅಂಗೈಯಿಂದ ಹೊಡೆದ ಹಾಗೆ ನೆನಪಿದೆ. ಕಣ್ಣು ಬಿಟ್ಟಾಗ ನೆಲದ ಮೇಲೆ ಕೂತಿದ್ದೆ. ಜಾಳಿಗೆಯಲ್ಲಿ ತಲೆ ತೂರುವಷ್ಟು ತೂತಾಗಿತ್ತು, ಅದರ ಹಿಂದಿನ ಗೋಡೆಯಿಂದ ಸುಣ್ಣ ಉದುರುತ್ತಿತ್ತು. ಸರಪಳಿಯ ತುಂಡಾದ ಕೊಂಡಿ ಗೋಡೆಯ ಬುಡದಲ್ಲಿ ಬಿದ್ದಿತ್ತು. ಕಾಕಾ ಹುಬ್ಬಿನ ಮೇಲೆ ಕೈ ಒತ್ತಿ ಹಿಡಿದು ನನ್ನ ಕಡೆ ಬರುತ್ತಿದ್ದರು. ಬೆರಳ ಸಂದಿಯಿಂದ ರಕ್ತ ಇಳಿದು ಕನ್ನಡಕಕ್ಕೆ ತಾಗಿತ್ತು. ಅವರ ತುಟಿ ಅಲ್ಲಾಡುತ್ತಿತ್ತು, ನನಗೆ ಏನೂ ಕೇಳಿಸುತ್ತಿರಲಿಲ್ಲ.

ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದವು. ನನಗೆ ಗೀರೂ ಆಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ವರ್ಕ್‌ಶಾಪಿನ ಇನ್‌ಚಾರ್ಜ್ ನಮ್ಮ ಕಚೇರಿಗೆ ಫೋನ್ ಮಾಡಿ ಮೂಲ ಮಾನಕದಲ್ಲಿ ಏನಿದೆ ಎಂದು ವಿಚಾರಿಸಿದರು. ಹತ್ತು ಮಿಲಿಮೀಟರಿಗೆ ಎಂಟು ಟನ್ ಎಂದು ಉತ್ತರ ಬಂತು. ಅದು ನನ್ನ ಕಿವಿಗೂ ಬಿದ್ದಾಗ ನನಗಾದದ್ದು ಸಮಾಧಾನ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನನ್ನ ಫೈಲು ಸರಿಯಿದೆ, ಕಾಕಾ ಸಾಲು ತಪ್ಪಿ ಓದಿದ್ದಾರೆ, ವಯಸ್ಸಾಯಿತು ಎಂದುಕೊಂಡೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಫೋನ್ ತೆಗೆದೆ. ಬೆಳಗಿನ ಚಿತ್ರ ಅಲ್ಲಿತ್ತು. ಎರಡು ಬೆರಳಲ್ಲಿ ದೊಡ್ಡದು ಮಾಡಿದೆ. ಹತ್ತರ ಎದುರಿಗೆ ಹದಿಮೂರು. ಎಂಟು ಮಿಲಿಮೀಟರಿನ ಎದುರಿಗೆ ಹತ್ತಕ್ಕೆ ಇರಬೇಕಾದ ಟನ್. ಬಲಗಡೆಯ ಇಡೀ ಕಾಲಂ ಒಂದು ಸಾಲು ಮೇಲಕ್ಕೆ ಸರಿದಿತ್ತು. ಕಾಕಾ ಸರಿಯಾಗಿಯೇ ಓದಿದ್ದರು.

ಮೆಹದಿಪಟ್ಟಣಂ ಬಂದರೂ ಇಳಿಯಲಿಲ್ಲ. ಬಸ್ಸು ಖಾಲಿಯಾದ ಮೇಲೆ ಕಂಡಕ್ಟರ್ ಬಂದು, "ಮೇಡಂ, ದಿಗಂಡಿ," ಇಳಿಯಿರಿ ಎಂದಾಗ ಎದ್ದೆ.

ಮರುದಿನ ಚಿತ್ರವನ್ನು ನಮ್ಮ ಮುಖ್ಯಸ್ಥರಿಗೆ ತೋರಿಸಿದೆ. ಅಷ್ಟರಲ್ಲಿ ವರ್ಕ್‌ಶಾಪಿನವರೂ ಹಾಳೆಯನ್ನು ಬಿಚ್ಚಿ ನೋಡಿದ್ದರು. ಅದರಿಂದ ಕಾಕಾನಿಗೆ ಒಳ್ಳೆಯದಾಗಲಿಲ್ಲ. ಮೂಲದಲ್ಲಿ ಎಂಟು, ಯಂತ್ರದ ಹಾಳೆಯಲ್ಲಿ ಹದಿಮೂರು, ಫೈಲು ತಿದ್ದಲು ಬರುವಂಥದ್ದು. ಹಾಗಾದರೆ ವರ್ಕ್‌ಶಾಪಿನಲ್ಲೇ ಯಾರೋ ತಿದ್ದಿದ್ದಾರೆ ಎಂದಾಯಿತು. ಫೋಟೋ ಹಾಳೆಯಾಗಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ಕಾಕಾನ ಹಳದಿ ಕಾರ್ಡನ್ನು ತೆಗೆದುಕೊಂಡು ಲಕೋಟೆಯಲ್ಲಿಟ್ಟರು. ವಿಚಾರಣೆ ಮುಗಿಯುವವರೆಗೆ ಅವರನ್ನು ಉಗ್ರಾಣದಲ್ಲಿ ಬೋಲ್ಟು ಎಣಿಸಲು ಕೂರಿಸಿದರು.

ವಿಚಾರಣೆಗೆ ಎರಡು ವಾರ ಹಿಡಿಯಿತು. ಆ ದಿನಗಳಲ್ಲಿ ಒಮ್ಮೆ ಬೇಗಂ ಬಜಾರಿಗೆ ಸ್ಟೀಲ್ ಡಬ್ಬಿ ಕೊಳ್ಳಲು ಹೋಗಿದ್ದೆ. ಅಂಗಡಿಯವನ ಕೈಯಿಂದ ಒಂದು ಕೊಳಗ ಜಾರಿ ಕಲ್ಲಿನ ಮೇಲೆ ಬಿತ್ತು. ನಾನು ಪಕ್ಕದ ಗೋಣಿಚೀಲದ ಮರೆಗೆ ಕುಕ್ಕರುಗಾಲಲ್ಲಿ ಕೂತಿದ್ದೆ. ಹೇಗೆ ಕೂತೆನೋ ಗೊತ್ತಿಲ್ಲ. "ಕ್ಯಾ ಹುವಾ ಅಮ್ಮಾ?" ಎಂದು ಅವನು ನೀರು ತಂದುಕೊಟ್ಟ. ಈಗಲೂ ಹಾಗೇ. ಶಟರ್ ಎಳೆದರೂ, ಲಾರಿ ಕಬ್ಬಿಣ ಇಳಿಸಿದರೂ, ಮೊದಲು ಕಾಲು ಎರಡು ಹೆಜ್ಜೆ ಪಕ್ಕಕ್ಕೆ ಹೋಗುತ್ತದೆ. ಏನಾಯಿತೆಂದು ನೋಡುವುದು ಆಮೇಲೆ.

ಆ ಎರಡು ವಾರ ಒಂದೇ ಲೆಕ್ಕ ಹಾಕುತ್ತಿದ್ದೆ. ಕೋಷ್ಟಕ ಹೇಗೆ ಸರಿಯಿತೆಂದು ನನಗೆ ಅಂದಾಜಾಗಿತ್ತು. ಅದನ್ನು ತೋರಿಸಬಲ್ಲೆ, ತೋರಿಸುತ್ತೇನೆ. ಆದರೆ ಪಂಪಿನ ಹತ್ತಿರ ಕಾಕಾ ಕೇಳಿದ್ದು, ನಾನು ತಲೆ ಎತ್ತದೆ ಉತ್ತರ ಕೊಟ್ಟದ್ದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳಲೇಬೇಕೇ? ಫೈಲಿನ ತಪ್ಪು ಕಂಪ್ಯೂಟರಿನ ತಪ್ಪಾಗಿ ಹೋಗಬಹುದು. ಈ ಮಾತು ಹೊರಬಿದ್ದರೆ ಅದು ನನ್ನದಾಗುತ್ತದೆ.

ವಿಚಾರಣೆ ವರ್ಕ್‌ಶಾಪಿನ ಕಚೇರಿಯಲ್ಲೇ ನಡೆಯಿತು. ಮೂರು ಜನರ ಸಮಿತಿ, ಇನ್‌ಚಾರ್ಜ್, ನಮ್ಮ ಮುಖ್ಯಸ್ಥರು, ನಾನು. ಕಾಕಾ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಹುಬ್ಬಿನ ಪಟ್ಟಿ ಬಿಚ್ಚಿ ಬಂದಿದ್ದರು. ಮೂಲ ಫೈಲನ್ನು ಇಲ್ಲಿನ ಕಂಪ್ಯೂಟರಿನಲ್ಲಿ, ಎಲ್ಲರೆದುರು ತೆರೆಯಲು ಅನುಮತಿ ಕೇಳಿದೆ. ಹಳೆಯ ಕಂಪ್ಯೂಟರು, ಅದರಲ್ಲಿದ್ದದ್ದು ನಮ್ಮ ಕಚೇರಿಯದಲ್ಲದ ಬೇರೆ ತಂತ್ರಾಂಶ. ನಾನು ಕೋಷ್ಟಕದ ತಲೆಬರಹವನ್ನು ಅಂದವಾಗಿ ಕಾಣಲೆಂದು ಎರಡು ಸಾಲಿನ ಮನೆಗಳನ್ನು ಕೂಡಿಸಿ ಮಾಡಿದ್ದೆ. ಆ ಕೂಡಿಸಿದ ಮನೆ ಈ ತಂತ್ರಾಂಶಕ್ಕೆ ತಿಳಿಯಲಿಲ್ಲ. ಪರದೆಯ ಮೇಲೆ ಪುಟ ಮೂಡಿದಾಗ ಬಲಗಡೆಯ ಕಾಲಂ ಒಂದು ಸಾಲು ಮೇಲಿತ್ತು. ಕೋಷ್ಟಕ ಮುಂದಿನ ಪುಟಕ್ಕೆ ಹರಿದಿತ್ತು. ಕೊನೆಯ ಸಾಲಿನಲ್ಲಿ ಖಾಲಿ ಉಳಿದ ಮನೆ ಆ ಎರಡನೆಯ ಪುಟದಲ್ಲಿತ್ತು. ಯಂತ್ರಕ್ಕೆ ಕಟ್ಟಿದ್ದು ಮೊದಲನೆಯ ಪುಟ ಮಾತ್ರ.

"ಅರೆ, ಯೇ ತೋ ಹಿಲ್ ಗಯಾ," ಇದು ಕದಲಿಬಿಟ್ಟಿದೆ ಎಂದರು ಇನ್‌ಚಾರ್ಜ್, ಪರದೆಗೆ ಬೆರಳು ತಾಗಿಸಿ.

ಯಾರೂ ತಿದ್ದಿಲ್ಲ ಎನ್ನುವುದು ಅಲ್ಲಿಗೆ ತೀರ್ಮಾನವಾಯಿತು. ನಮ್ಮ ಮುಖ್ಯಸ್ಥರು ನನ್ನ ಕಡೆ ನೋಡಲಿಲ್ಲ. ಕಲ್ಲಿನ ಮಾತನ್ನೂ ಎತ್ತಲಿಲ್ಲ. ಎತ್ತಿದ್ದರೆ ಹಗುರವಾಗುತ್ತಿತ್ತೇನೋ.

ಇಷ್ಟಕ್ಕೇ ಮುಗಿಯಿತು ಎಂದು ನಾನು ಕಾಗದ ಜೋಡಿಸಿಕೊಳ್ಳುತ್ತಿದ್ದೆ. ಸಮಿತಿಯ ಹಿರಿಯರು ಕಾಕಾನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದರು, "ಹಾಳೆ ತಪ್ಪಿರಲಿ. ನಿಮಗೆ ಇಷ್ಟು ವರ್ಷದ ಅನುಭವ ಇದೆ. ಆರು ಇದ್ದದ್ದು ಹದಿಮೂರು ಆದಾಗ ಒಂದು ಸಂಶಯವೂ ಬರಲಿಲ್ಲವೇ? ಇಂಥವರ ಕೈಯಲ್ಲಿ ಯಂತ್ರ ಹೇಗೆ ಕೊಡುವುದು?"

ಕಾಕಾ ತಮ್ಮ ಖಾಲಿ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಕೈ ಮಡಿಲಲ್ಲಿ ಇಟ್ಟುಕೊಂಡರು. ಕಾರ್ಡಿನ ಲಕೋಟೆ ಮೇಜಿನ ಮೇಲೆ, ಹಿರಿಯರ ಲೇಖನಿಯ ಪಕ್ಕದಲ್ಲೇ ಇತ್ತು. ಹಿರಿಯರು ಲೇಖನಿ ಎತ್ತಿಕೊಂಡರು.

"ಸಂಶಯ ಬಂದಿತ್ತು ಸಾರ್," ಎಂದೆ. ನನ್ನ ದನಿ ಬೇರೆ ಯಾರದೋ ಎನ್ನಿಸಿತು. "ಬಂದು ನನ್ನನ್ನು ಕೇಳಿದರು. ಹದಿಮೂರು ಜಾಸ್ತಿಯಾಯಿತು ಎಂದರು. ನಾನು ಹಾಳೆ ನೋಡಲಿಲ್ಲ. ಎಳೆಯಿರಿ ಎಂದವಳು ನಾನು."

ಹಿರಿಯರು ಲೇಖನಿಯ ಮುಚ್ಚಳ ತೆಗೆದು, ಮತ್ತೊಮ್ಮೆ ಹೇಳಿ ಎಂದರು. ಹೇಳಿದೆ. ಬರೆದುಕೊಂಡರು. ಆ ದಿನ ನನ್ನನ್ನು ಪಕ್ಕಕ್ಕೆ ಕರೆಯದೆ ಇವರು ಎಳೆಯಲಿಲ್ಲ ಎನ್ನುವುದನ್ನೂ ಬರೆದುಕೊಳ್ಳಿ ಎಂದು ಕೇಳಿಕೊಂಡೆ. ಅದನ್ನೂ ಬರೆದರು.

ಹೊರಗೆ ನಲ್ಲಿಯ ಹತ್ತಿರ ಕಾಕಾ ಮುಖ ತೊಳೆಯುತ್ತಿದ್ದರು. ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ನೀವು ಹೇಳ್ತೀರೋ ಇಲ್ಲೋ ನೋಡೂಣು ಅಂತ ಸುಮ್ಮನಿದ್ದೆ," ಎಂದರು, ಟವೆಲ್ಲಿನಿಂದ ಮುಖ ಒರೆಸುತ್ತಾ. "ಭಾಳ ತಡಾ ಮಾಡಿದ್ರಿ. ಅವರು ಪೆನ್ ಕೈಯಾಗ ಹಿಡದಿದ್ರು."

ಅದರಲ್ಲಿ ಕೋಪ ಇತ್ತೋ ಇಲ್ಲವೋ ಇವತ್ತಿಗೂ ತಿಳಿದಿಲ್ಲ. ಇದ್ದರೂ ಅದು ಅವರ ಹಕ್ಕು.

ನನಗೆ ಒಂದು ಲಿಖಿತ ಎಚ್ಚರಿಕೆ ಬಂತು. ಕಾಕಾನ ಕಾರ್ಡು ಲಕೋಟೆಯಿಂದ ಹಾಗೇ, ಕಲೆಯಿಲ್ಲದೆ ಮರಳಿತು. ಮಾನಕಗಳನ್ನು ಯಾವ ರೂಪದಲ್ಲಿ ಪ್ರಕಟಿಸಬೇಕೆಂದು ಮತ್ತೆ ಸಭೆ ಕೂಡಿತು. ಹಳೆಯ ಫೋಟೋ ಹಾಳೆಗೆ ಹಿಂದಿರುಗೋಣ ಎಂದವರೇ ಹೆಚ್ಚು. ಮಸುಕಾದ ಮೂರು ಎಂಟಾಗುವುದೂ ಅಪಾಯವೇ ಎಂದು ನಾನು ಮೆಲ್ಲಗೆ ಹೇಳಿದೆ. ಈ ಸಲ ನಗು ಬರುವಂತೆ ನಾನು ಹೇಳಲಿಲ್ಲ. ಕೊನೆಗೆ ಪುಟ ಎಲ್ಲಿ ತೆರೆದರೂ ಕದಲದಂಥ, ಅಕ್ಷರಗಳನ್ನು ತನ್ನೊಳಗೇ ಇಟ್ಟುಕೊಂಡ, ಆದರೆ ಪದ ಹುಡುಕಲು ಬರುವ ಪಿಡಿಎಫ್ ಎಂದಾಯಿತು. ಕೋಷ್ಟಕದಲ್ಲಿ ದಪ್ಪ ಮತ್ತು ಟನ್ ಬೇರೆ ಬೇರೆ ಮನೆಗಳಲ್ಲಿ ಇರಬಾರದು, ಒಂದೇ ಮನೆಯಲ್ಲಿ ಜೊತೆಗಿರಬೇಕು ಎಂದು ನಾನು ಸೇರಿಸಿದೆ. ನೋಡಲು ಅಂದವಿಲ್ಲ. ಸರಿದರೂ ಒಟ್ಟಿಗೇ ಸರಿಯುತ್ತವೆ. ನಮ್ಮ ಮುಖ್ಯಸ್ಥರು ಸಹಿ ಹಾಕುವ ಮುಂಚೆ, "ಅಮ್ಮಾ, ಅಲ್ಲಿ ತೆರೆದು ನೋಡಿದೆಯಾ?" ಎಂದು ಕೇಳಿದರು. ಈಗ ಪ್ರತಿ ಸಲವೂ ಅದನ್ನೇ ಕೇಳುತ್ತಾರೆ.

ಅದಕ್ಕೇ ಈಗ ಪ್ರಕಟಿಸುವ ಮುಂಚೆ ಶಂಶಾಬಾದ್ ದಾಟಿ ಹೋಗುತ್ತೇನೆ. ಆ ಹಳೆಯ ಕಂಪ್ಯೂಟರಿನಲ್ಲಿ ತೆರೆದು ಎಲ್ಲ ಪುಟಗಳ ಪ್ರಿಂಟ್ ತೆಗೆದು, ಮೂಲದ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತೇನೆ. ಕಾಕಾ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಕೇಳುತ್ತಾರೆ. ಒಂದೊಂದು ಅಂಕಿಗೂ "ಹೂಂ" ಎನ್ನುತ್ತಾರೆ. "ಹೂಂ" ಬರದಿದ್ದರೆ ನಿಲ್ಲಿಸಿ ಇಬ್ಬರೂ ನೋಡುತ್ತೇವೆ. ಇದು ಯಾವ ನಿಯಮದಲ್ಲೂ ಇಲ್ಲ.

ಹೊಸ ಹಾಳೆ ಕಟ್ಟಿದ ದಿನ ಮತ್ತೆ ಹತ್ತು ಮಿಲಿಮೀಟರ್ ಸರಪಳಿಯೇ ಮೊದಲು ಬಂತು. ನಾನು ಹೊರಟುಬಿಡಬೇಕೆಂದಿದ್ದೆ. ಕಾಕಾ ಬಿಡಲಿಲ್ಲ.

"ಎಷ್ಟು ಎಳೀಬೇಕ್ರಿ?"

ಹಾಳೆಯ ಹತ್ತಿರ ಹೋಗಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. "ಹತ್ತು ಎಂಎಂ. ಎಂಟು ಟನ್."

"ಇನ್ನೊಮ್ಮೆ ನೋಡ್ರಿ."

ಇನ್ನೊಮ್ಮೆ ನೋಡಿದೆ. "ಎಂಟು."

"ಹೂಂ," ಎಂದರು. ಪಂಪಿನ ಮೇಲೆ ಕೈಯಿಟ್ಟು, ನಾನು ಎಲ್ಲಿದ್ದೇನೆಂದು ತಿರುಗಿ ನೋಡಿದರು. ಹೇಳುವ ಮೊದಲೇ ನಾನು ಕಂಬದ ಮರೆಯಲ್ಲಿದ್ದೆ, ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡು. ಮುಳ್ಳು ಎಂಟಕ್ಕೆ ಏರಿ, ನಿಂತು, ಇಳಿದು ಸೊನ್ನೆಗೆ ಬರುವವರೆಗೂ ನಾನು ಕಂಬವನ್ನು ಬಿಡಲಿಲ್ಲ.